ಅಟ್ಟದ ಮೇಲಿನ ಕಂಪ್ಯೂಟರಿಗೆ ಮತ್ತೆ ಬಣ್ಣ

ಎಂಬತ್ತರ ದಶಕದ ಮನೆ ಕಂಪ್ಯೂಟರೋ ತೊಂಬತ್ತರ ದಶಕದ ಎಂಟು ಬಿಟ್ಟಿನ ಟಿವಿ ಗೇಮೋ ಅಟ್ಟದಿಂದ ಕೆಳಗಿಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇದನ್ನು ಈಗಿನ ಟಿವಿಗೆ ಜೋಡಿಸುವುದು ಹೇಗೆ? ತಂತಿ ಚುಚ್ಚಿದರೆ ಪರದೆ ನೀಲಿಯಾಗಿಯೇ ಉಳಿಯುತ್ತದೆ. ಇಲ್ಲವೇ ಚಿತ್ರ ಬರುತ್ತದೆ, ಬಣ್ಣ ಬರುವುದಿಲ್ಲ. ಯಂತ್ರ ಕೆಟ್ಟಿತೆಂದು ತಿಳಿದು ಗುಜರಿಯವನಿಗೆ ಕೊಟ್ಟುಬಿಡುತ್ತಾರೆ. ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ. ಆ ಕಾಲದ ಯಂತ್ರಕ್ಕೂ ಆ ಕಾಲದ ಟಿವಿಗೂ ಬಣ್ಣದ ವಿಷಯದಲ್ಲಿ ಒಂದು ಒಪ್ಪಂದವಿತ್ತು; ಈಗ ಟಿವಿ ಬದಲಾಗಿದೆ, ಒಪ್ಪಂದ ತಪ್ಪಿದೆ. ಅದನ್ನು ತಿಳಿದುಕೊಂಡರೆ ಸೊಲ್ಲಾಪುರದಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಹಳೆಯ ಟಿವಿ ರಿಪೇರಿ ಬಲ್ಲ ಒಬ್ಬ ಮೆಕ್ಯಾನಿಕ್‌ನ ಜೊತೆ ಕೂತು ಬಣ್ಣ ಬರಿಸಬಹುದು.

ನಮ್ಮ ಗಡಿ ಸೀಮೆಗೆ ಟಿವಿ ಬಂದದ್ದೇ ಕಪ್ಪು ಬಿಳುಪಿನಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ನಡೆದ ‘ಸೈಟ್’ ಪ್ರಯೋಗದಲ್ಲಿ ಅಕ್ಕಲಕೋಟೆಯ ನೆರೆಯ ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ರಾಯಚೂರಿನ ಹಳ್ಳಿಗಳೂ ಇದ್ದವು. 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರವಾಯಿತು. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ಆಗ ಭಾರತ ಆರಿಸಿಕೊಂಡ ಬಣ್ಣದ ಪದ್ಧತಿ ಪಾಲ್. ಅದೇ ವರ್ಷ ಇಂಗ್ಲೆಂಡಿನಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್, ಅಮೆರಿಕದಲ್ಲಿ ಕಮೊಡೋರ್ 64 ಮಾರುಕಟ್ಟೆಗೆ ಬಂದವು. ಮನೆಯ ಟಿವಿಯನ್ನೇ ಪರದೆಯಾಗಿ ಬಳಸುವ ಯಂತ್ರಗಳಿವು. ಬೇರೆ ಮಾನಿಟರ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲವಾದ್ದರಿಂದ ಟಿವಿ ಒಪ್ಪುವ ಬಣ್ಣವನ್ನೇ ಇವು ಹುಟ್ಟಿಸಬೇಕಿತ್ತು.

ಯಂತ್ರದೊಳಗೆ ಬಣ್ಣ ಹೇಗಿರುತ್ತದೆ?

ಇದಕ್ಕೆ ಸೊಲ್ಲಾಪುರದವರಿಗೆ ಚಾದರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಜಕಾರ್ಡ್ ಮಗ್ಗದ ಚಾದರಕ್ಕೆ ವಿನ್ಯಾಸ ಬರೆಯುವವರು ಮೊದಲು ಚೌಕುಳಿ ಹಾಳೆಯಲ್ಲಿ ಒಂದೊಂದೇ ಮನೆ ತುಂಬುತ್ತಾರೆ. ಆ ಮನೆಗಳು ರಟ್ಟಿನ ಕಾರ್ಡಿನಲ್ಲಿ ತೂತುಗಳಾಗುತ್ತವೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಸ್ಪೆಕ್ಟ್ರಮ್‌ನ ಪರದೆಯೂ ಹಾಗೆಯೇ: ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿ. ಒಂದೊಂದು ಚುಕ್ಕಿಗೂ ಒಂದೊಂದು ಬಿಟ್, ಒಟ್ಟು 6,144 ಬೈಟ್. ಆದರೆ ಬಿಟ್ ಹೇಳುವುದು ‘ಹೂವು’ ಅಥವಾ ‘ನೆಲ’ ಎಂದಷ್ಟೇ, ಬಣ್ಣ ಯಾವುದೆಂದಲ್ಲ. ಬಣ್ಣಕ್ಕೆ ಬೇರೆ ಲೆಕ್ಕವಿದೆ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದು ಮನೆಗೆ ಒಂದು ಬೈಟ್. ಅಂಥ ಮನೆಗಳು 32 ಅಡ್ಡ, 24 ಉದ್ದ, ಒಟ್ಟು 768. ಆ ಬೈಟಿನಲ್ಲಿ ಹೂವಿನ ಬಣ್ಣಕ್ಕೆ ಮೂರು ಬಿಟ್, ನೆಲದ ಬಣ್ಣಕ್ಕೆ ಮೂರು, ಹೊಳಪಿಗೆ ಒಂದು, ಮಿನುಗಿಗೆ ಒಂದು. ಚಾದರದ ಒಂದು ಬದಿಯಲ್ಲಿ ಕೆಂಪು ನೆಲದ ಮೇಲೆ ಬಿಳಿ ಹೂವಿದ್ದರೆ ಮಗ್ಗುಲು ತಿರುವಿದಾಗ ಬಿಳಿ ನೆಲದ ಮೇಲೆ ಕೆಂಪು ಹೂವು ಕಾಣುತ್ತದಲ್ಲ, ಆ ಎರಡು ಬಣ್ಣದ ಕಟ್ಟುಪಾಡು ಇಲ್ಲಿ ಪ್ರತಿಯೊಂದು ಮನೆಗೂ ಇದೆ.

ಸ್ಪೆಕ್ಟ್ರಮ್‌ನ ಆಟಗಳಲ್ಲಿ ಹಸಿರು ಮರದ ಮುಂದೆ ಹಳದಿ ಮನುಷ್ಯ ಹಾದುಹೋದರೆ ಅವನ ಸುತ್ತಲಿನ ಎಲೆಯೂ ಚೌಕಚೌಕವಾಗಿ ಹಳದಿಗೆ ತಿರುಗುವುದು ಇದೇ ಕಾರಣಕ್ಕೆ. ಅದನ್ನು ನೋಡಿ ಟಿವಿ ಸರಿಯಿಲ್ಲ ಎಂದುಕೊಳ್ಳಬೇಡಿ. ಅದು ದೋಷವಲ್ಲ, 48 ಕೆಬಿ ಸ್ಮೃತಿಯಲ್ಲಿ ಪರದೆಗೆ ಏಳು ಕೆಬಿಗಿಂತ ಹೆಚ್ಚು ಖರ್ಚು ಮಾಡದ ಮಿತವ್ಯಯ. ಕಮೊಡೋರ್ 64ರಲ್ಲಿ ಹದಿನಾರು ಬಣ್ಣಗಳಿವೆ. ಹೆಚ್ಚು ಬಣ್ಣ ಬೇಕೆಂದರೆ ಚುಕ್ಕಿಯ ಅಗಲ ಇಮ್ಮಡಿಯಾಗಿ ಅಡ್ಡಕ್ಕೆ 320ರ ಬದಲು 160 ಉಳಿಯುತ್ತವೆ. ಇನ್ನೊಂದು ಮನೆ ಕಂಪ್ಯೂಟರಾದ ಬಿಬಿಸಿ ಮೈಕ್ರೋದಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ನಿಚ್ಚಳ. ಒಂದೇ 20 ಕೆಬಿಯಲ್ಲಿ 640 ಚುಕ್ಕಿ ಅಗಲಕ್ಕೆ ಎರಡು ಬಣ್ಣ, 320ಕ್ಕೆ ನಾಲ್ಕು, 160ಕ್ಕೆ ಎಂಟು ಬಣ್ಣ ಮತ್ತು ಎಂಟು ಮಿನುಗು ಬಣ್ಣ. ಟಿವಿ ಗೇಮುಗಳಲ್ಲಿ ಹಿನ್ನೆಲೆಯ ಬಣ್ಣದ ಮನೆ ಹದಿನಾರಕ್ಕೆ ಹದಿನಾರು ಚುಕ್ಕಿಯದು.

ಕನ್ನಡ ಮಾಧ್ಯಮದ ಶಾಲೆಗಳ ಶಿಕ್ಷಕರು ಮಕ್ಕಳಿಗೆ ಇದನ್ನು ತೋರಿಸಬೇಕೆಂದರೆ ಯಂತ್ರವೂ ಬೇಡ, ಚೌಕುಳಿ ನೋಟ್‌ಬುಕ್ ಸಾಕು. ಎಂಟಕ್ಕೆ ಎಂಟು ಮನೆ ಗುರುತಿಸಿ. ಬಲದಿಂದ ಎಡಕ್ಕೆ ಮನೆಗಳ ಬೆಲೆ 1, 2, 4, 8, 16, 32, 64, 128. ಸಾಲುಸಾಲಾಗಿ 60, 66, 129, 129, 129, 129, 66, 60 ಎಂಬ ಸಂಖ್ಯೆಗಳಿಗೆ ಮನೆ ತುಂಬಿದರೆ ಕನ್ನಡದ ಸೊನ್ನೆ ಮೂಡುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಹೀಗೆ ನಾವೇ ರೂಪಿಸುವ ಅಕ್ಷರಗಳಿಗೆ 21 ಜಾಗಗಳಿವೆ. ಒತ್ತಕ್ಷರಕ್ಕೆ ಒಂದು ಮನೆ ಸಾಲುವುದಿಲ್ಲ, ಕೆಳಗಿನ ಮನೆಯನ್ನೂ ಸೇರಿಸಿಕೊಳ್ಳಬೇಕು.

ಯಂತ್ರದಿಂದ ಹೊರಗೆ

ಒಳಗೆ ಸಂಖ್ಯೆಯಾಗಿದ್ದ ಬಣ್ಣ ತಂತಿಯಲ್ಲಿ ಹೊರಗೆ ಹೋಗುವ ದಾರಿಗಳು ನಾಲ್ಕು. ಎಲ್ಲಕ್ಕಿಂತ ಚೊಕ್ಕಟವಾದದ್ದು ಆರ್‌ಜಿಬಿ: ಕೆಂಪು, ಹಸಿರು, ನೀಲಿಗೆ ಬೇರೆಬೇರೆ ತಂತಿ, ಗೆರೆ ಎಲ್ಲಿ ಶುರುವಾಗುತ್ತದೆಂದು ಹೇಳಲು ಸಿಂಕ್‌ನ ತಂತಿ. ಎರಡನೆಯದು ಎಸ್-ವಿಡಿಯೋ: ಬೆಳಕಿನ ಪ್ರಮಾಣಕ್ಕೆ ಒಂದು ತಂತಿ, ಬಣ್ಣಕ್ಕೆ ಒಂದು. ಮೂರನೆಯದು ನಮಗೆ ಡಿವಿಡಿ ಕಾಲದಿಂದ ಗೊತ್ತಿರುವ ಹಳದಿ ಪಿನ್ನಿನ ಕಾಂಪೋಸಿಟ್: ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ. ನಾಲ್ಕನೆಯದು ಆರ್‌ಎಫ್, ಅಂದರೆ ಕಾಂಪೋಸಿಟನ್ನೇ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ಚಾನೆಲ್‌ಗೆ ಏರಿಸಿ ಆಂಟೆನಾ ತೂತಿಗೆ ಕೊಡುವುದು. ಬೆರಕೆ ಹೆಚ್ಚಾದಷ್ಟೂ ಚಿತ್ರ ಮಸುಕು. ಆದ್ದರಿಂದ ನಿಮ್ಮ ಯಂತ್ರ ಕೊಡಬಲ್ಲ ಹೊರದಾರಿಗಳಲ್ಲಿ ಇದೇ ಅನುಕ್ರಮದಲ್ಲಿ ಮೇಲಿನದನ್ನು ಹಿಡಿಯಿರಿ.

ಪಾಲ್ ಪದ್ಧತಿಯಲ್ಲಿ ಬಣ್ಣ 4.43 ಮೆಗಾಹರ್ಟ್ಸ್‌ನ ಒಂದು ಅಲೆಯ ಮೇಲೆ ಕೂತು ಬರುತ್ತದೆ. ಟಿವಿ ತನ್ನೊಳಗೆ ಅದೇ ಅಲೆಯನ್ನು ಹುಟ್ಟಿಸಿ ಹೋಲಿಸಿ ನೋಡುತ್ತದೆ. ಎರಡರ ನಡುವಿನ ಹಿಂದುಮುಂದು ಬಣ್ಣ ಯಾವುದೆಂದು ಹೇಳುತ್ತದೆ, ಅಲೆಯ ಎತ್ತರ ಎಷ್ಟು ಗಾಢವೆಂದು ಹೇಳುತ್ತದೆ. ಅಲೆಯ ವೇಗ ಸ್ವಲ್ಪ ತಪ್ಪಿದರೂ ಟಿವಿ ಬಣ್ಣವನ್ನು ಕೈಬಿಟ್ಟು ಕಪ್ಪು ಬಿಳುಪು ತೋರಿಸುತ್ತದೆ. ಹೀಗಾಗಿ ಬಣ್ಣ ಬಾರದ ಯಂತ್ರ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಬೋರ್ಡಿನ ಮೇಲಿನ ಕ್ರಿಸ್ಟಲ್, ಆ ಪುಟ್ಟ ಲೋಹದ ಡಬ್ಬಿ. ಅದರ ಮೇಲೆ ಅಚ್ಚಾದ ಸಂಖ್ಯೆಯೇ ಯಂತ್ರದ ಜಾತಕ. ಕಮೊಡೋರ್‌ನಲ್ಲಿ 17.734 ಎಂದಿದ್ದರೆ ಪಾಲ್, 14.318 ಎಂದಿದ್ದರೆ ಅಮೆರಿಕದ ಎನ್‌ಟಿಎಸ್‌ಸಿ. ಟಿವಿ ಗೇಮಿನಲ್ಲಿ 26.60 ಪಾಲ್, 21.47 ಎನ್‌ಟಿಎಸ್‌ಸಿ. ಸ್ಪೆಕ್ಟ್ರಮ್‌ನಲ್ಲಿ ಎರಡು ಕ್ರಿಸ್ಟಲ್‌ಗಳಿರುತ್ತವೆ, ಒಂದು 14.000, ಇನ್ನೊಂದು 4.433, ಬಣ್ಣಕ್ಕೆ ಸಂಬಂಧಿಸಿದ್ದು ಎರಡನೆಯದು.

ಅಮೆರಿಕದಿಂದ ನೆಂಟರು ತಂದುಕೊಟ್ಟ ಯಂತ್ರವಾದರೆ ಬಣ್ಣದ ಚಿಂತೆ ಆಮೇಲೆ. ಅದರ ಅಡಾಪ್ಟರ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಆಪಲ್ 2 ಕಂಪ್ಯೂಟರಿನ ಕತೆ ಇನ್ನೂ ವಿಶೇಷ. 1977ರಲ್ಲಿ ಬಂದ ಆ ಯಂತ್ರ ಬಣ್ಣವನ್ನು ಬೇರೆಯಾಗಿ ಹುಟ್ಟಿಸುವುದೇ ಇಲ್ಲ. ಚುಕ್ಕಿಗಳನ್ನು ಎನ್‌ಟಿಎಸ್‌ಸಿ ಅಲೆಯ ತಾಳಕ್ಕೆ ಸರಿಯಾಗಿ ಇಟ್ಟು, ಅದನ್ನೇ ಬಣ್ಣವೆಂದು ಟಿವಿ ತಿಳಿಯುವಂತೆ ಮಾಡುತ್ತದೆ. ಪಾಲ್ ಟಿವಿಯಲ್ಲಿ ಆ ತಾಳ ಕೂಡುವುದಿಲ್ಲ, ಚಿತ್ರ ಕಪ್ಪು ಬಿಳುಪಾಗಿಯೇ ಉಳಿಯುತ್ತದೆ. ಪಾಲ್‌ಗಾಗಿ ಮೊದಲು ತಯಾರಾದ ಆಪಲ್‌ಗಳಿಗೆ ಬಣ್ಣಕ್ಕೆಂದೇ ಬೇರೆ ಕಾರ್ಡ್ ಹಾಕಬೇಕಿತ್ತು.

ಇಂಗ್ಲೆಂಡಿನ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿಯೂ ಪಾಲ್, ಇಲ್ಲಿಯೂ ಪಾಲ್, ಆದರೆ ಧ್ವನಿಯ ಅಲೆ ಅಲ್ಲಿ ಚಿತ್ರದಿಂದ 6 ಮೆಗಾಹರ್ಟ್ಸ್ ದೂರ, ನಮ್ಮಲ್ಲಿ 5.5. ಅಲ್ಲಿಂದ ಬಂದ ಕಮೊಡೋರ್ ಅನ್ನು ಆಂಟೆನಾ ತೂತಿಗೆ ಜೋಡಿಸಿದರೆ ಬಣ್ಣ ಸರಿಯಾಗಿ ಬಂದು ಧ್ವನಿಯ ಜಾಗದಲ್ಲಿ ಬರೀ ಸರಸರ ಸದ್ದು ಕೇಳಬಹುದು. ಧ್ವನಿಯ ಚಿಪ್ ಹೋಗಿದೆ ಎಂದು ಹೇಳಿ ಚಿಪ್ ಬದಲಿಸಲು ಹಣ ಕೇಳಿದರೆ ಕೊಡಬೇಡಿ. ಮೊದಲು ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ ಪಿನ್ನಿನ ತಂತಿಯಲ್ಲಿ ಜೋಡಿಸಿ ನೋಡಿ. 48 ಕೆಬಿ ಸ್ಪೆಕ್ಟ್ರಮ್‌ನಲ್ಲಿ ಈ ತೊಡಕಿಲ್ಲ, ಅದರ ಧ್ವನಿ ಒಳಗಿನ ಸ್ಪೀಕರಿನಿಂದಲೇ ಬರುತ್ತದೆ. ದುಬೈ, ಕುವೈತ್ ಕಡೆಯಿಂದ ಬಂದ ಎಮ್‌ಎಸ್‌ಎಕ್ಸ್ ಮಾದರಿಯ ಮನೆ ಕಂಪ್ಯೂಟರುಗಳು ಸಾಮಾನ್ಯವಾಗಿ ನಮ್ಮ ಟಿವಿಗೆ ನೇರವಾಗಿ ಹೊಂದುತ್ತವೆ.

ಯಾವ ಯಂತ್ರಕ್ಕೆ ಯಾವ ತಂತಿ?

48 ಕೆಬಿ ಸ್ಪೆಕ್ಟ್ರಮ್ ಹೊರಗೆ ಕೊಡುವುದು ಆರ್‌ಎಫ್ ಮಾತ್ರ, ಯುಎಚ್‌ಎಫ್ 36ನೇ ಚಾನೆಲ್, 591 ಮೆಗಾಹರ್ಟ್ಸ್ ಸುಮಾರಿಗೆ. ಅನಲಾಗ್ ಟ್ಯೂನರ್ ಇರುವ ಟಿವಿಯಲ್ಲಿ ಕೈಯಾರೆ ಹುಡುಕಿದರೆ ಸಿಗುತ್ತದೆ. ಆದರೆ ಒಂದು ಸಣ್ಣ ಕೆಲಸ ಮಾಡಿಸಿಕೊಂಡರೆ ಚಿತ್ರ ಎಷ್ಟೋ ಪಾಲು ಸುಧಾರಿಸುತ್ತದೆ. ಒಳಗಿನ ಬೆಳ್ಳಿ ಬಣ್ಣದ ಮಾಡ್ಯುಲೇಟರ್ ಡಬ್ಬಿಗೆ ಎರಡು ತಂತಿ ಹೋಗುತ್ತವೆ, ಒಂದು 5 ವೋಲ್ಟಿನದು, ಇನ್ನೊಂದು ಕಾಂಪೋಸಿಟ್ ಚಿತ್ರದ್ದು. ಎರಡನ್ನೂ ಬಿಡಿಸಿ, ಚಿತ್ರದ ತಂತಿಯನ್ನು ಹೊರಗಿನ ಸಾಕೆಟ್ಟಿನ ನಡುಪಿನ್ನಿಗೆ ಬೆಸುಗೆ ಹಾಕಿದರೆ ಮುಗಿಯಿತು, ಹಳದಿ ಪಿನ್ನಿನ ತೂತಿರುವ ಯಾವ ಟಿವಿಗೂ ಅದು ಹೊಂದುತ್ತದೆ. ಹಳೆಯ ಟಿವಿ ಮೆಕ್ಯಾನಿಕ್‌ಗೆ ಇದು ದೊಡ್ಡ ಕೆಲಸವಲ್ಲ. ಇನ್ನೊಂದು ಮಾತನ್ನು ಮಾತ್ರ ಮರೆಯಬೇಡಿ: ಸ್ಪೆಕ್ಟ್ರಮ್‌ನ 9 ವೋಲ್ಟ್ ಅಡಾಪ್ಟರಿನ ಪಿನ್ನಿನ ಒಳಭಾಗ ನೆಗೆಟಿವ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಡಾಪ್ಟರುಗಳ ಒಳಭಾಗ ಪಾಸಿಟಿವ್. ತಪ್ಪು ಅಡಾಪ್ಟರ್ ಹಾಕಿದರೆ ಬಣ್ಣವಲ್ಲ, ಯಂತ್ರವೇ ಹೋಗುತ್ತದೆ.

ಕಮೊಡೋರ್ 64ರ ಹಿಂದೆ ದುಂಡನೆಯ ಎಂಟು ಪಿನ್ನಿನ ತೂತಿದ್ದರೆ ಎಸ್-ವಿಡಿಯೋ ತಂತಿ ಮಾಡಿಸಿ. 1ನೇ ಪಿನ್ ಬೆಳಕು, 6ನೇ ಪಿನ್ ಬಣ್ಣ, 2ನೇ ಪಿನ್ ಗ್ರೌಂಡ್. ಇದರ ಬಣ್ಣದ ಸಂಕೇತ ರೂಢಿಗಿಂತ ಜೋರು. ಆ ತಂತಿಯಲ್ಲಿ ಸುಮಾರು 300 ಓಮ್‌ನ ರೆಸಿಸ್ಟರ್ ಹಾಕಿಸದಿದ್ದರೆ ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಇದರ ಹಳೆಯ ಅಡಾಪ್ಟರನ್ನು ಮಾತ್ರ ನಂಬಬೇಡಿ. ಅದು ಕೆಟ್ಟಾಗ 5 ವೋಲ್ಟಿನ ಬದಲು ಹೆಚ್ಚು ವೋಲ್ಟ್ ಕೊಟ್ಟು ಸ್ಮೃತಿಯ ಚಿಪ್‌ಗಳನ್ನು ಸುಡುತ್ತದೆ. ಮೀಟರ್ ಹಿಡಿದು ಅಳೆಯದೆ ಜೋಡಿಸಲೇಬಾರದು.

ಬಿಬಿಸಿ ಮೈಕ್ರೋ ಭಾರತದ ಶಾಲೆಗಳಿಗೆ ಬಂದ ಯಂತ್ರ. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆ ಆರಂಭಿಸಿದಾಗ ಮೊದಲಿಗೆ ಆರಿಸಿದ 250 ಶಾಲೆಗಳಲ್ಲಿ ಇಟ್ಟದ್ದು ಇದನ್ನೇ. ಯಾವುದಾದರೂ ಶಾಲೆಯ ಹಳೆಯ ಸಾಮಾನಿನ ಕೋಣೆಯಲ್ಲಿ ಇದು ಕಂಡರೆ, ಕಾಂಪೋಸಿಟ್ ತೂತಿನಿಂದ ಬರೀ ಕಪ್ಪು ಬಿಳುಪು ಬಂತೆಂದು ನಿರಾಶರಾಗಬೇಡಿ. ಕಾರ್ಖಾನೆಯಿಂದ ಬರುವಾಗಲೇ ಆ ದಾರಿಯಲ್ಲಿ ಬಣ್ಣ ಮುಚ್ಚಿರುತ್ತದೆ. ಬೋರ್ಡಿನ ಮೇಲೆ ‘ಎಸ್39’ ಎಂದು ಗುರುತಿಸಿದ ಕೊಂಡಿ ಬೆಸೆದರೆ ತೆರೆದುಕೊಳ್ಳುತ್ತದೆ. ಆದರೂ ನನ್ನ ಮತ ಕೇಳಿದರೆ, ಈ ಯಂತ್ರವನ್ನು ಆರ್‌ಜಿಬಿಯಲ್ಲೇ ನೋಡಬೇಕು. ಆರು ಪಿನ್ನಿನ ದುಂಡು ತೂತಿನಲ್ಲಿ 1 ಕೆಂಪು, 2 ಹಸಿರು, 3 ನೀಲಿ, 4 ಸಿಂಕ್, 5 ಗ್ರೌಂಡ್. ಅಲ್ಲಿ ಬರುವುದು 5 ವೋಲ್ಟಿನ ಡಿಜಿಟಲ್ ಸಂಕೇತ. ಟಿವಿ, ಮಾನಿಟರುಗಳು ಕೇಳುವ 0.7 ವೋಲ್ಟಿಗೆ ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಬೇಕು. ಎಂಬತ್ತು ಅಕ್ಷರದ ಸಾಲನ್ನು ಒಂದೊಂದು ಚುಕ್ಕಿಯೂ ಕತ್ತರಿಸಿಟ್ಟಂತೆ ಇದರಲ್ಲಿ ಓದಬಹುದು, ಕಾಂಪೋಸಿಟ್‌ನಲ್ಲಿ ಅದೇ ಸಾಲು ಕಲಸಿಹೋಗುತ್ತದೆ.

ಟಿವಿ ಗೇಮುಗಳಿಗೆ ಹೆಚ್ಚು ಹೇಳುವುದಿಲ್ಲ. ಹಳದಿ ಪಿನ್ ಇದ್ದರೆ ಅದನ್ನೇ ಬಳಸಿ, ಆಂಟೆನಾ ತಂತಿಯನ್ನು ಬಿಟ್ಟುಬಿಡಿ.

ಬಣ್ಣ ತಪ್ಪಿದರೆ ಹುಡುಕುವ ಬಗೆ

ಸ್ಪೆಕ್ಟ್ರಮ್ ಆನ್ ಮಾಡಿ ‘ಬಿ’ ಕೀಲಿ ಒತ್ತಿದರೆ ಬಾರ್ಡರ್ ಎಂಬ ಆಜ್ಞೆ ಪೂರ್ತಿಯಾಗಿ ಮೂಡುತ್ತದೆ. ಅದರ ಮುಂದೆ 0ಯಿಂದ 7ರವರೆಗೆ ಒಂದೊಂದೇ ಸಂಖ್ಯೆ ಕೊಟ್ಟು ಎಂಟರ್ ಒತ್ತಿ. ಕಪ್ಪು, ನೀಲಿ, ಕೆಂಪು, ಮಜೆಂಟಾ, ಹಸಿರು, ಸಯಾನ್, ಹಳದಿ, ಬಿಳಿ ಈ ಕ್ರಮದಲ್ಲಿ ಅಂಚು ಬದಲಾಗಬೇಕು. ಈ ಕ್ರಮ ಸುಮ್ಮನೆ ಇಟ್ಟದ್ದಲ್ಲ. ನಮ್ಮ ಕಣ್ಣಿಗೆ ಹಸಿರು ಎಲ್ಲಕ್ಕಿಂತ ಬೆಳಕು, ಆಮೇಲೆ ಕೆಂಪು, ಕೊನೆಗೆ ನೀಲಿ. ಟಿವಿಯ ಲೆಕ್ಕದಲ್ಲಿ ಬಿಳಿಯ ಬೆಳಕಿನ ಸುಮಾರು 59 ಪಾಲು ಹಸಿರಿನದು, 30 ಕೆಂಪಿನದು, 11 ನೀಲಿಯದು. ಸ್ಪೆಕ್ಟ್ರಮ್ ನೀಲಿಗೆ 1, ಕೆಂಪಿಗೆ 2, ಹಸಿರಿಗೆ 4 ಎಂದು ಬೆಲೆ ಕಟ್ಟಿದ್ದರಿಂದ ಕಪ್ಪು ಬಿಳುಪು ಟಿವಿಯಲ್ಲಿಯೂ ಎಂಟು ಬಣ್ಣಗಳು ಕಪ್ಪಿನಿಂದ ಬಿಳಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಬಣ್ಣದ ಟಿವಿ ಕೊಳ್ಳಲಾಗದ ಮನೆಗಳನ್ನು ನೆನಪಿನಲ್ಲಿಟ್ಟು ಕಟ್ಟಿದಂಥ ಈ ಕ್ರಮವನ್ನು ನಾನು ಬಹಳ ಮೆಚ್ಚುತ್ತೇನೆ. ಬಿಬಿಸಿಯಲ್ಲಿ 1 ಕೆಂಪು, 2 ಹಸಿರು, 4 ನೀಲಿ. ಅಲ್ಲಿ ಈ ಮೆಟ್ಟಿಲು ಸಿಗುವುದಿಲ್ಲ.

ಆರ್‌ಜಿಬಿ ತಂತಿಯಲ್ಲಿ ಒಂದು ಎಳೆ ಕಡಿದಿದ್ದರೆ ಬಣ್ಣವೇ ಅದನ್ನು ಹೇಳುತ್ತದೆ. ಬಿಳಿಯ ಜಾಗದಲ್ಲಿ ಹಳದಿ ಕಂಡು, ನೀಲಿ ಇರಬೇಕಾದಲ್ಲಿ ಕಪ್ಪು ಕಂಡರೆ ನೀಲಿಯ ತಂತಿ ಹೋಗಿದೆ. ಬಿಳಿ ಸಯಾನ್ ಆಗಿ, ಹಳದಿ ಹಸಿರಾದರೆ ಕೆಂಪಿನದು. ಬಿಳಿ ಮಜೆಂಟಾ ಆಗಿ, ಹಳದಿ ಕೆಂಪಾದರೆ ಹಸಿರಿನದು. ಕೆಂಪು, ನೀಲಿ ಅದಲುಬದಲಾಗಿದ್ದರೆ ಬೆಸುಗೆಯಲ್ಲಿ ಪಿನ್ ತಪ್ಪಿದೆ ಎಂದರ್ಥ. ಕಾಂಪೋಸಿಟ್‌ನಲ್ಲಿ ಬಣ್ಣವೇ ಇಲ್ಲದಿದ್ದರೆ ಮೊದಲು ಟಿವಿಯ ಮೆನುವಿನಲ್ಲಿ ಬಣ್ಣದ ಪದ್ಧತಿಯನ್ನು ‘ಆಟೋ’ದಿಂದ ‘ಪಾಲ್’ಗೆ ಇಡಿ. ಆಗಲೂ ಬಾರದಿದ್ದರೆ ಕ್ರಿಸ್ಟಲ್ ಪಕ್ಕದಲ್ಲಿ ಅಲೆಯ ವೇಗ ತಿದ್ದುವ ಟ್ರಿಮ್ಮರ್ ಇದೆಯೇ ನೋಡಿ, ಅದನ್ನು ಕೂದಲೆಳೆಯಷ್ಟು ತಿರುಗಿಸಬೇಕು; ನಲವತ್ತು ವರ್ಷದಲ್ಲಿ ಅಲೆಯ ವೇಗ ಜರುಗಿರುತ್ತದೆ. ಹಳೆಯ ಡಬ್ಬಿ ಟಿವಿಯ ಒಂದು ಮೂಲೆ ಮಾತ್ರ ಹಸಿರೋ ನೇರಳೆಯೋ ಆಗಿದ್ದರೆ ಪಕ್ಕದ ಸ್ಪೀಕರಿನ ಅಯಸ್ಕಾಂತ ಕಾರಣ. ಸ್ಪೀಕರ್ ಸರಿಸಿ, ಟಿವಿಯನ್ನು ಮೇನ್ ಸ್ವಿಚ್ಚಿನಲ್ಲೇ ಆರಿಸಿ ಇಪ್ಪತ್ತು ನಿಮಿಷ ತಣಿಯಲು ಬಿಟ್ಟು ಮತ್ತೆ ಹಾಕಿದರೆ ಕಲೆ ಕರಗುತ್ತ ಬರುತ್ತದೆ.

ಹೊಸ ಟಿವಿ, ಹಳೆಯ ಟಿವಿ

ಈ ಯಂತ್ರಗಳು ಪರದೆಯ ಗೆರೆಗಳನ್ನು ಸೆಕೆಂಡಿಗೆ ಸುಮಾರು 15,625 ಸಲ ಎಳೆಯುತ್ತವೆ. ಕಂಪ್ಯೂಟರ್ ಮಾನಿಟರಿನ ವಿಜಿಎ ತೂತು ಅದರ ಇಮ್ಮಡಿ, 31,000ಕ್ಕೂ ಹೆಚ್ಚು ಕೇಳುತ್ತದೆ. ಆದ್ದರಿಂದ ಬರೀ ತಂತಿ ಕಟ್ಟಿ ಆರ್‌ಜಿಬಿಯನ್ನು ವಿಜಿಎಗೆ ಸೇರಿಸಿದರೆ ಚಿತ್ರ ಬರುವುದಿಲ್ಲ. ಅಂಥ ತಂತಿಯನ್ನು ಯಾರಾದರೂ ಮಾರಿದರೆ ಕೊಳ್ಳಬೇಡಿ. ನಡುವೆ ಪರಿವರ್ತಕ ಬೇಕು. ‘ಜಿಬಿಎಸ್-8200’ ಎಂಬ ಅಗ್ಗದ ಬೋರ್ಡ್ ಕೆಲಸ ನಡೆಸುತ್ತದೆ. ಬಿಬಿಸಿಯಂಥ ಡಿಜಿಟಲ್ ಆರ್‌ಜಿಬಿಗೆ ರಾಸ್ಪ್‌ಬೆರಿ ಪೈ ಜೀರೋ ಮೇಲೆ ನಡೆಯುವ ‘ಆರ್‌ಜಿಬಿ ಟು ಎಚ್‌ಡಿಎಂಐ’ ಎಂಬ ಮುಕ್ತ ವಿನ್ಯಾಸ ಎಲ್ಲಕ್ಕಿಂತ ಒಳ್ಳೆಯದು. ಹಳದಿ ಪಿನ್ನನ್ನು ಎಚ್‌ಡಿಎಂಐ ಮಾಡುವ ಚಿಕ್ಕ ಡಬ್ಬಿಗಳೂ ಪೇಟೆಯಲ್ಲಿವೆ. ಚಿತ್ರ ಬರುತ್ತದೆ, ಆದರೆ ಅವು ಹಳೆಯ ಯಂತ್ರದ ಸರಳ ಗೆರೆಗಳನ್ನು ದೂರದರ್ಶನದ ಹೆಣೆದ ಗೆರೆಗಳೆಂದು ತಪ್ಪು ತಿಳಿದು ನಡುಕ ಹುಟ್ಟಿಸುತ್ತವೆ. ಹೊಸ ಟಿವಿಯಲ್ಲಿ ಚಿತ್ರದ ಆಕಾರ 4:3 ಇರಲಿ, ‘ಶಾರ್ಪ್‌ನೆಸ್’ ಪೂರ್ತಿ ಇಳಿಸಿ, ಗೇಮ್ ಮೋಡ್ ಹಾಕಿ.

ಆದರೂ ಈ ಯಂತ್ರಗಳಿಗೆ ಸರಿಸಾಟಿ ಪರದೆ ಹಳೆಯ ಡಬ್ಬಿ ಟಿವಿಯೇ. 2000ದ ಆಸುಪಾಸಿನಲ್ಲಿ ಬಂದ 21 ಇಂಚಿನ ಎಷ್ಟೋ ಟಿವಿಗಳ ಹಿಂದೆ ಡಿವಿಡಿಗೆಂದು ಕೆಂಪು, ಹಸಿರು, ನೀಲಿ ಬಣ್ಣದ ಮೂರು ಕಾಂಪೊನೆಂಟ್ ತೂತುಗಳಿರುತ್ತವೆ. ಅವು ನೇರ ಆರ್‌ಜಿಬಿ ಅಲ್ಲ; ಆದರೆ ಆರ್‌ಜಿಬಿಯನ್ನು ಕಾಂಪೊನೆಂಟ್ ಮಾಡುವ ಪುಟ್ಟ ಡಬ್ಬಿ ಸೇರಿಸಿದರೆ ಗೆರೆಯ ವೇಗ ಬದಲಿಸದೆಯೇ ಅತ್ಯುತ್ತಮ ಚಿತ್ರ ಸಿಗುತ್ತದೆ. ಇಂಥ ಟಿವಿಯ ಹಿಂಬದಿಯನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೊಳವೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವಾಗ ಯಂತ್ರವನ್ನು ಮಧ್ಯಾಹ್ನ ಹಚ್ಚಿಡಬೇಡಿ, ಒಳಗಿನ ಚಿಪ್‌ಗಳಿಗೆ ಬಿಸಿಯೇ ಶತ್ರು. ಅಟ್ಟದ ತಗಡಿನ ಕೆಳಗೆ ವರ್ಷಗಟ್ಟಲೆ ಇದ್ದ ಯಂತ್ರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ. ಅವನ್ನು ಬದಲಿಸಿದ ಮೇಲೆ ಮಸುಕಾಗಿದ್ದ ಬಣ್ಣ ಎಷ್ಟೋ ಸಲ ತಾನಾಗಿಯೇ ತಿಳಿಯಾಗುತ್ತದೆ.

ತಂತಿ, ಪರಿವರ್ತಕ ಏನನ್ನೇ ಕೊಳ್ಳುವ ಮುಂಚೆ ಯಂತ್ರದ ಹೆಸರು, ಕ್ರಿಸ್ಟಲ್ ಮೇಲಿನ ಸಂಖ್ಯೆ, ಹಿಂದಿನ ತೂತುಗಳ ಆಕಾರ, ಅಡಾಪ್ಟರಿನ ವೋಲ್ಟ್ ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮನೆಯಲ್ಲಿ ಕೆಲಸ ಮಾಡುವ ಡಬ್ಬಿ ಟಿವಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬೇಡವಾದರೆ ಹತ್ತಿರದ ಶಾಲೆಗೋ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೋ ಕೇಳಿ ಕೊಡಿ.